ಪಿಸ್ತೂಲ್ ಮೇಷ್ಟ್ರ ತಪ್ಪಿದ ಎಣಿಕೆ

ಪಿಸ್ತೂಲ್ ಮೇಷ್ಟ್ರು ಎಂದ ಕೂಡಲೇ ಹೆದರಬೇಡಿ. ಆ ಮನುಷ್ಯ ಜಿರಳೆಯನ್ನೂ ಕೊಂದವರಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಮೂವತ್ತೊಂದು ವರ್ಷಗಳಿಂದ ಕ್ರೀಡಾಕೂಟಗಳಲ್ಲಿ ಹುಸಿಗುಂಡು ಹಾರಿಸಿ ಓಟ ಶುರು ಮಾಡಿಸುವವರು. ಅವರ ಪಿಸ್ತೂಲಿನಿಂದ ಸದ್ದು ಮತ್ತು ಹೊಗೆ ಬಿಟ್ಟು ಬೇರೇನೂ ಹೊರಬಿದ್ದದ್ದಿಲ್ಲ.

ಗೆರೆಯ ಹಿಂದೆ ನಿಂತವರನ್ನು ನೋಡಿ ನಾವೆಲ್ಲ 'ಪಾಪ, ಟೆನ್ಶನ್' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಮೇಷ್ಟ್ರಿಗೆ ಅಷ್ಟು ಸಾಲದು. ಹಿಮ್ಮಡಿ ಕುಣಿಯುತ್ತಿದ್ದರೆ ಅದು ಹುರುಪು, ಒಳ್ಳೆಯದೇ. ಬೆರಳು ನೆಲ ಕೆರೆಯುತ್ತಿದ್ದರೆ ತವಕ, ಅಂಥವರ ಮೇಲೆ ಒಂದು ಕಣ್ಣಿಡಬೇಕು. ಶೂ ಲೇಸನ್ನು ಮೂರು ಸಲ ಬಿಚ್ಚಿ ಕಟ್ಟುವುದು ಚಡಪಡಿಕೆ. ಉಗುಳು ನುಂಗಿ ನುಂಗಿ ಗಂಟಲು ಒಣಗಿದರೆ ಅದು ಗಾಬರಿ, ಸುಮ್ಮನೆ ಒಂದು ಗುಟುಕು ನೀರು ಕೊಡಬೇಕು. ಇದೆಲ್ಲ ಅಡಗಿ, ಮೈಯೆಲ್ಲ ಕಿವಿಯಾಗಿ ಕೂರುತ್ತಾರಲ್ಲ, ಅದು ಎಚ್ಚರ. 'ಸೆಟ್' ಎಂದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಆಮೇಲೆ ಢಂ! ಅದಕ್ಕಿಂತ ಹೆಚ್ಚು ಕಾಯಿಸಿದರೆ ಬಿಗಿಹಿಡಿದ ಮೈ ತಾನಾಗಿಯೇ ಜಾರುತ್ತದೆ. ಮೇಷ್ಟ್ರು ಒಂದು ದಿನವೂ ಹಾಗೆ ಕಾಯಿಸಿದವರಲ್ಲ. ಆ ಹೆಮ್ಮೆ ಅವರಿಗೆ ತುಸು ಜಾಸ್ತಿಯೇ ಇತ್ತೆನ್ನಿ.

ಅವತ್ತು ಹೆಂಗಸರ ನೂರು ಮೀಟರ್ ಫೈನಲ್. ನಾಲ್ಕನೇ ಸಾಲಿನಲ್ಲಿದ್ದವಳು ಅವರ ಸೊಸೆ. ಹೆರಿಗೆಯಾಗಿ ಎರಡು ವರ್ಷ ಓಟ ಬಿಟ್ಟಿದ್ದವಳನ್ನು 'ಮಗೂನ ನಾನು ನೋಡ್ಕೋತೀನಿ, ನೀನು ಓಡು' ಎಂದು ಬೆಳಗಾಗೆದ್ದು ಮೈದಾನಕ್ಕೆ ಅಟ್ಟಿದವರು ಇದೇ ಮಾವ. ಮೊದಲಿಬ್ಬರಿಗೆ ಮಾತ್ರ ಜಿಲ್ಲಾ ತಂಡದಲ್ಲಿ ಜಾಗ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಗುಂಡಿನ ಸದ್ದಿಗೆ ಮುಂಚೆ ಕದಲಿದರೆ ಎರಡನೇ ಮಾತಿಲ್ಲ, ಹೊರಗೆ.

"ಸರ್, ಇದೊಂದು ಓಟ ನಾನು ಶುರು ಮಾಡಿಸ್ಲಾ?" ಎಂದಿದ್ದಳು ಸಹಾಯಕಿ. ಒಂದು ಕಾಲಕ್ಕೆ ಅವರದೇ ಶಿಷ್ಯೆ.

"ಯಾಕಮ್ಮ, ನನ್ನ ಕೈ ನಡುಗುತ್ತಾ?" ಎಂದು ಮೇಷ್ಟ್ರು ನಕ್ಕಿದ್ದರು.

ಕೈಯೇನೋ ನಡುಗಲಿಲ್ಲ. "ಆನ್ ಯುವರ್ ಮಾರ್ಕ್ಸ್!" ಎಂಟು ಜನ ಬಗ್ಗಿದರು. "ಸೆಟ್!" ಎಂಟು ಸೊಂಟಗಳು ಮೇಲೆದ್ದವು. ಮೇಷ್ಟ್ರು ಎಣಿಸಲು ಹೋದರೆ ಎದೆ ತನ್ನದೇ ಎಣಿಕೆ ಶುರು ಮಾಡಿಬಿಟ್ಟಿತ್ತು. ಡವಡವ, ಡವಡವ! ಕಿವಿಯಲ್ಲಿ ಅದೇ, ಕತ್ತಿನಲ್ಲಿ ಅದೇ. ಒಂದು ಆಯಿತೋ, ಎರಡಾಯಿತೋ? ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಕೂತಿದೆ, ಒತ್ತುವುದೇ ಮರೆತುಹೋಗಿದೆ. ನಾಲ್ಕನೇ ಸಾಲು ಜಾರಿತು. ಸೊಸೆ ಮೂರು ಹೆಜ್ಜೆ ಮುಂದೆ ಹೋಗಿ ನಿಂತಳು, ತಲೆಯ ಮೇಲೆ ಕೈಯಿಟ್ಟಳು.

ಮೈದಾನ ಹೋ ಎಂದಿತು. ಸಹಾಯಕಿ ಕೆಂಪು ಕಾರ್ಡ್ ಹಿಡಿದು ಮೇಷ್ಟ್ರ ಮುಖ ನೋಡಿದಳು. ಕೊಡು ಎಂದರೆ ಸೊಸೆಗೆ ಅನ್ಯಾಯ. ಬೇಡ ಎಂದರೆ 'ಮನೆಯವಳು ಅಂತ ಉಳಿಸಿಕೊಂಡ' ಎಂದು ಊರೇ ಆಡಿಕೊಳ್ಳುತ್ತದೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಸೊಸೆ ಅಷ್ಟರಲ್ಲೇ ತಲೆತಗ್ಗಿಸಿ ಹೊರಗೆ ನಡೆಯುತ್ತಿದ್ದಳು. ಆ ಬೆನ್ನು ನೋಡಿದ್ದೇ ಮೇಷ್ಟ್ರು ಮೈಕ್ ಕಿತ್ತುಕೊಂಡರು.

"ನಿಲ್ಲಮ್ಮಾ! ತಪ್ಪು ಅವಳದ್ದಲ್ಲ, ನಂದು. ನಾನು ಜಾಸ್ತಿ ಹೊತ್ತು ಕಾಯಿಸ್ಬಿಟ್ಟೆ. ಎಲ್ಲರೂ ವಾಪಸ್ ಬನ್ನಿ."

ಕ್ರೀಡಾಕೂಟದ ಕಾರ್ಯದರ್ಶಿ ಬುಸುಗುಡುತ್ತ ಓಡಿ ಬಂದರು. "ಏನ್ರೀ ಮೇಷ್ಟ್ರೇ, ಸೊಸೆ ಅಂತ ಹೀಗಾ?"

"ನಾನು ತಪ್ಪು ಮಾಡಿದ್ದು ಸೊಸೆ ಅಂತಾನೇ ಸ್ವಾಮಿ. ಒಪ್ಕೊಂಡಿದ್ದು ಮಾತ್ರ ಅದಕ್ಕಲ್ಲ. ವೀಡಿಯೋ ಹಾಕಿ ನೋಡಿ."

ನೋಡಿದರು. 'ಸೆಟ್' ಎಂದು ನಾಲ್ಕು ಸೆಕೆಂಡು ದಾಟಿತ್ತು. ಕಾರ್ಯದರ್ಶಿ, "ಸರಿ, ಓಟ ಮತ್ತೆ ಆಗ್ಲಿ. ಆದ್ರೆ ಇನ್ಮೇಲೆ ನೀವು ಬೇಡ" ಎಂದರು. ಮೇಷ್ಟ್ರು ಪಿಸ್ತೂಲನ್ನು ಶಿಷ್ಯೆಯ ಕೈಗಿತ್ತು ಹುಲ್ಲಿನ ಮೇಲೆ ಹೋಗಿ ನಿಂತರು.

ಢಂ!

ಆಹಾ, ಸೊಸೆ ಚಿಮ್ಮಿದಳು! ಅರವತ್ತೆರಡರ ಮೇಷ್ಟ್ರೂ ಚಿಮ್ಮಿದರು. ಹುಲ್ಲಿನ ಮೇಲೆ ಅವಳ ಜೊತೆಗೇ, ಪಂಚೆ ಎತ್ತಿ ಕಟ್ಟಿ, "ಓಡೇ ಮಗಳೇ, ಓಡು! ಬಿಡಬೇಡ! ಇನ್ನಷ್ಟು, ಇನ್ನಷ್ಟು!" ಚಪ್ಪಲಿ ಒಂದು ಕಡೆ ಹಾರಿತು, ಕನ್ನಡಕ ಇನ್ನೊಂದು ಕಡೆ. ಜನ ಓಟ ನೋಡಬೇಕೋ ಇವರನ್ನು ನೋಡಬೇಕೋ ತಿಳಿಯದೆ ಎರಡಕ್ಕೂ ಶಿಳ್ಳೆ ಹೊಡೆದರು. ಕೊನೆಯ ಹತ್ತು ಮೀಟರಿನಲ್ಲಿ ಸೊಸೆ ಮೂರನೆಯವಳನ್ನು ಹಿಂದಿಕ್ಕಿ, ಎರಡನೆಯವಳನ್ನೂ ಹಿಡಿದು, ಎದೆಯೊಡ್ಡಿ ಗೆರೆ ದಾಟಿದಳು. ಎರಡನೇ ಸ್ಥಾನ, ಕೂದಲೆಳೆಯಲ್ಲಿ!

ಏದುಸಿರು ಬಿಡುತ್ತ ಅವಳು ಮಾವನ ಹತ್ತಿರ ಬಂದಳು. ಅವರು ಹುಲ್ಲಿನ ಮೇಲೆ ಕುಕ್ಕರಿಸಿದ್ದರು, ಕೆನ್ನೆಯೆಲ್ಲ ಒದ್ದೆ.

"ಮಾವ, ನನ್ನಿಂದ ನಿಮ್ಮ ಕೆಲ್ಸ ಹೋಯ್ತಲ್ಲ."

"ಹೋದ್ರೆ ಹೋಗ್ಲಿ ಬಿಡಮ್ಮ! ಗುಂಡು ಹಾರಿಸಿ ಮುಂದಿನ ಗುಂಡು ತುಂಬೋದ್ರಲ್ಲೇ ಮೂವತ್ತೊಂದು ವರ್ಷ ಕಳೀತು. ಒಂದು ಓಟ ಮುಗಿಯೋದನ್ನ ಇವತ್ತೇ ಕಣೇ ನಾನು ನೋಡಿದ್ದು."