ಬಲೆಯ ಬೆಂಡು ಕಟ್ಟಿದ ಲಿವರ್

ಮೊನ್ನೆ ಶೆಡ್ಡಿನ ಅಟ್ಟ ಗುಡಿಸುವಾಗ ಹಳೆಯ ಗೋಣಿಯೊಳಗಿಂದ ಮೀನು ಬಲೆಯನ್ನು ತೇಲಿಸುವ ಬೆಂಡೊಂದು ಉರುಳಿ ಬಂತು. ಒಂದು ಕಾಲಕ್ಕೆ ಹಳದಿಯಾಗಿದ್ದದ್ದು, ಈಗ ಹೊಗೆ ಹಿಡಿದ ಒಲೆಯ ಬಣ್ಣ. ಮೂಗಿನ ಹತ್ತಿರ ತಂದೆ. ಹೈಡ್ರಾಲಿಕ್ ಎಣ್ಣೆಯ ವಾಸನೆ ಇನ್ನೂ ಹಾಗೆಯೇ ಇತ್ತು. ಪೊರಕೆ ಅಲ್ಲೇ ಬಿಟ್ಟು ಕುಳಿತುಬಿಟ್ಟೆ. ಬೋಟಿನ ಮೇಸ್ತ್ರಿ ನೆನಪಾದರು...

ಅವರು ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್, ಬಲೆ ಎಳೆಯುವ ವಿಂಚು ಎಲ್ಲ ರಿಪೇರಿ ಮಾಡುತ್ತಿದ್ದವರು. ನಾನು ಹಟ್ಟಿಯಂಗಡಿಯವನು. ಎರಡು ಸಾವಿರದ ಐದೋ ಆರೋ ಇರಬೇಕು, ಗದ್ದೆ ಕೆಲಸ ತಮ್ಮನಿಗೆ ಬಿಟ್ಟು, ಚೈನಿನ ಮೇಲೆ ಓಡುವ, ಮಣ್ಣು ಅಗೆಯುವ ಹಳೆಯ ಮಿಷಿನ್ ಒಂದನ್ನು ತಂದಿದ್ದೆ. ಮಾಲೀಕನೂ ನಾನೇ, ಆಪರೇಟರೂ ನಾನೇ, ಬೈಸಿಕೊಳ್ಳುವವನೂ ನಾನೇ. ಮಿಷಿನಿನ ವಯಸ್ಸು ಕೇಳಿದವರಿಗೆ ನಾನು ಸರಿಯಾದ ಉತ್ತರ ಕೊಟ್ಟದ್ದಿಲ್ಲ.

ಆ ವರ್ಷ ನಾವುಂದದ ಕಡಲ ದಂಡೆಗೆ ಕಲ್ಲಿನ ತಡೆಗೋಡೆ ಹಾಕುವ ಕೆಲಸ ಬಂದಿತ್ತು. ದೊಡ್ಡ ದೊಡ್ಡ ಕಲ್ಲುಗಳನ್ನು ಹಿಡಿದು ಒಂದರ ಮೇಲೊಂದು ಕೂರಿಸಬೇಕು. ನನ್ನ ಮಿಷಿನಿಗೆ ಇದ್ದದ್ದು ಬರೀ ಬಕೆಟ್. ಮಣ್ಣನ್ನು ಚೆನ್ನಾಗಿ ಬಾಚುತ್ತಿತ್ತು, ಕಲ್ಲು ಎತ್ತಿದರೆ ಅರ್ಧ ದಾರಿಯಲ್ಲೇ ಉರುಳಿಸುತ್ತಿತ್ತು. ಹೆಬ್ಬೆರಳಿಲ್ಲದ ಕೈಯಲ್ಲಿ ತೆಂಗಿನಕಾಯಿ ಎತ್ತಿದ ಹಾಗೆ. ಕಲ್ಲು ಹಿಡಿಯುವ ಮಿಷಿನ್ ಒಂದೇ ಇತ್ತು, ಅದು ಬೈಂದೂರಿನ ಕಡೆಯಿಂದ ಕೆಲಸ ಮಾಡುತ್ತಾ ಬರುತ್ತಿತ್ತು. ನಾವುಂದದ ಈ ತುಂಡಿಗೆ ಮುಟ್ಟುವುದು ಮಳೆಗಾಲ ಕಳೆದ ಮೇಲೆಯೇ ಎಂದರು ಗೋಡೆ ಕೆಲಸದ ಸೂಪರ್‌ವೈಸರ್.

ಬಕೆಟ್ಟಿನ ಎದುರಿಗೆ ಒಂದು ಕಬ್ಬಿಣದ ಹೆಬ್ಬೆರಳು ಕೂರಿಸಬಹುದು, ಆದರೆ ಅದನ್ನು ಮಡಚಿ ಬಿಡಿಸಲು ಬೇರೆಯೇ ಎಣ್ಣೆಯ ದಾರಿ ಬೇಕು, ಹಳೆ ಮಿಷಿನಿನಲ್ಲಿ ಅದು ಇಲ್ಲ ಎಂದು ಕುಂದಾಪುರದ ಗ್ಯಾರೇಜಿನವರು ಕೈಚೆಲ್ಲಿದರು. ಬೋಟಿನ ವಿಂಚೂ ಎಣ್ಣೆಯ ಬಲದಲ್ಲೇ ಓಡುವುದಲ್ಲವೇ ಎಂದು ನಾನು ಗಂಗೊಳ್ಳಿಗೆ ಹೋದೆ.

“ಹ್ವಾಯ್, ನಂದ್ ನೀರಿನ್ ಕೆಲ್ಸ. ನೆಲದ್ ಮಿಷಿನಿಗೆ ನಾ ಕೈ ಹಾಕುದಿಲ್ಲ” ಎಂದರು ಮೇಸ್ತ್ರಿ, ತಲೆ ಎತ್ತದೆ. ನಾವುಂದದಲ್ಲಿ ಯಾವ ಜಾಗ ಎಂದು ಮಾತಿಗೆ ಕೇಳಿದರು. ಹೇಳಿದೆ. ಕೈಯ ಸ್ಪ್ಯಾನರ್ ಕೆಳಗಿಟ್ಟರು. ಆ ತುಂಡಿನಲ್ಲಿ ಕಡಲಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅವರ ಅಕ್ಕನ ಮನೆ. ಹಿಂದಿನ ಮಳೆಗಾಲ ಅಂಗಳದ ತೆಂಗಿನಮರಗಳನ್ನೂ ಬಾವಿಯನ್ನೂ ನುಂಗಿತ್ತು. ಇನ್ನೊಂದು ಮಳೆಗಾಲಕ್ಕೆ ಮನೆ ಉಳಿಯುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅಕ್ಕ ಮಾತ್ರ ಮನೆ ಬಿಡಲು ಒಪ್ಪಿರಲಿಲ್ಲ.

“ನಾಳೆ ಬತ್ತೆ” ಎಂದರು.

ಬೋಟಿನ ಕೆಲಸದ ನಡುವೆಯೇ ನಾವುಂದಕ್ಕೆ ಬಂದರು. ಟೇಪು ಹಿಡಿದವರಲ್ಲ. ಬಲೆಯ ಹಗ್ಗ ತಂದು, ಮಿಷಿನಿನ ಕೈ ಪೂರ್ತಿ ಚಾಚಿಸಿ, ಪೂರ್ತಿ ಮಡಚಿಸಿ, ಹಗ್ಗವನ್ನು ಅದರುದ್ದಕ್ಕೂ ಹಾಸಿ ಮಾರಿನ ಲೆಕ್ಕದಲ್ಲಿ ಅಳೆದರು. ಪಂಪಿನಿಂದ ಹೊಸ ದಾರಿ ತೆಗೆದು, ಒಡೆದ ಬೋಟೊಂದರ ವಿಂಚಿನ ವಾಲ್ವನ್ನು ನನ್ನ ಸೀಟಿನ ಪಕ್ಕ ಕೂರಿಸಿದರು. ಅಲ್ಲಿಂದ ಕೈಯುದ್ದಕ್ಕೂ ಎರಡು ಉಕ್ಕಿನ ಪೈಪು, ಮಡಚುವ ಕಡೆಯಲ್ಲೆಲ್ಲ ರಬ್ಬರ್ ಹೋಸು, ತುದಿಯಲ್ಲಿ ಕಬ್ಬಿಣದ ಹೆಬ್ಬೆರಳು, ಅದನ್ನು ಮಡಚಿ ಬಿಡಿಸಲು ಗುಜರಿಯ ಸಿಲಿಂಡರ್. ಒತ್ತಡ ಮಿತಿ ಮೀರಿದರೆ ಎಣ್ಣೆ ಹಿಂದಕ್ಕೆ ಹೋಗಲೆಂದು ಪುಟ್ಟ ವಾಲ್ವ್ ಒಂದನ್ನು ಹಾಕಿ, ಅದನ್ನೇ ಅರ್ಧ ದಿನ ತಿರುಗಿಸುತ್ತಾ ಕುಳಿತರು. ನನಗೆ ತಾಳ್ಮೆ ಕೆಟ್ಟಿತು.

“ಹೆಬ್ಬೆರಳ್ ಗಟ್ಟಿ ಆರೆ ಸಾಕಾತಿಲ್ಲ ಮಾರಾಯ್ರೆ. ಬಕೆಟ್ ಜೋರ್ ಮಾಡ್ರೆ ಇದ್ ಚೂರ್ ಬಿಟ್ಟ್ ಕೊಡ್ಕ್. ಇಲ್ದಿರೆ ಮುರಿತ್ತ್” ಎಂದರು ಮೇಸ್ತ್ರಿ.

ಕೊನೆಗೆ ಆ ವಿಂಚಿನ ವಾಲ್ವಿನ ಲಿವರಿಗೆ ಹಿಡಿ ಇಲ್ಲವೆಂದಾಗ ಅಕ್ಕನ ಜಗಲಿಯ ಮೇಲಿದ್ದ ಹಳೆ ಬಲೆಯಿಂದ ಒಂದು ಬೆಂಡು ಕಿತ್ತು ತಂದು, ಲಿವರಿನ ತಲೆಗೆ ಬಡಿದು ಕೂರಿಸಿದರು.

ಮೊದಲ ದಿನ ಜನ ಸೇರಿತ್ತು. ಕಲ್ಲು ಹಿಡಿದೆ, ಎತ್ತಿದೆ, ಬೀಳಲಿಲ್ಲ. ನನ್ನ ತಲೆ ಆಕಾಶಕ್ಕೆ ಮುಟ್ಟಿತು. ಹಿಡಿತ ಸರಿಮಾಡಲೆಂದು ಲಿವರನ್ನು ಒಂದಿಷ್ಟು ದೂಡಿ ಕೈ ತೆಗೆದೆ. ನಮ್ಮ ಮಿಷಿನಿನ ಲಿವರುಗಳೆಲ್ಲ ಕೈ ತೆಗೆದ ಕೂಡಲೇ ನಡುವಿಗೆ ಬಂದು ನಿಲ್ಲುವಂಥವು. ಇದು ದೂಡಿದಲ್ಲೇ ನಿಂತಿತು. ಹೆಬ್ಬೆರಳು ಬಿಚ್ಚುತ್ತಲೇ ಹೋಯಿತು. ಕಲ್ಲು ಧೊಪ್ಪೆಂದು ಬಿದ್ದು ಅಕ್ಕನ ಬಟ್ಟೆ ಒಗೆಯುವ ಕಲ್ಲನ್ನು ಎರಡು ಹೋಳು ಮಾಡಿತು. ಒಂದು ಗಳಿಗೆ ಮೊದಲು ಅಕ್ಕ ಅಲ್ಲೇ ಬಗ್ಗಿ ಬಟ್ಟೆ ಒಗೆಯುತ್ತಿದ್ದರು... ಇಂಜಿನ್ ಆರಿಸಿದೆ.

ಅಕ್ಕ ಒದ್ದೆ ಸೀರೆ ಹಿಡಿದುಕೊಂಡೇ ಬಂದು ನೋಡಿದರು. “ಕಡ್ಲ್ ಬಪ್ಪುಕೆ ಮುಂಚೆ ನಿಮ್ ಮಿಷಿನೇ ನನ್ ಮನಿ ತಿಂತ್ ಕಾಂತ್” ಎಂದರು.

ಸೂಪರ್‌ವೈಸರ್ ಮಿಷಿನನ್ನು ಈಗಲೇ ಹೊರಡಿಸಿ ಎಂದರು. ಮೇಸ್ತ್ರಿ ಮಾತ್ರ ಸೀಟಿನ ಪಕ್ಕ ನಿಂತು ಲಿವರನ್ನು ದೂಡಿ, ಬಿಟ್ಟು, ದೂಡಿ, ಬಿಟ್ಟು ನೋಡುತ್ತಿದ್ದರು.

“ತಪ್ಪ್ ನಂದೇ” ಎಂದರು. “ಬೋಟಲ್ಲ್ ಬಲಿ ಎಳುಕೆ ಹೊತ್ತ್ ಹಿಡಿತ್ತ್, ಲಿವರ್ ಇಟ್ಟಲ್ಲೇ ನಿಲ್ಕ್. ನಾ ಅದ್ನೇ ತಂದ್ ಇಲ್ಲ್ ಕೂರ್ಸಿದೆ. ಒಂದ್ ದಿನ ಕೊಡಿ.”

ಇಷ್ಟು ಜನರೆದುರು ತಪ್ಪು ನನ್ನದು ಎಂದು ನಾನಾಗಿದ್ದರೆ ಹೇಳುತ್ತಿರಲಿಲ್ಲ, ವಾಲ್ವಿನ ಮೇಲೆ ಹಾಕುತ್ತಿದ್ದೆ. ಸೂಪರ್‌ವೈಸರಿಗೂ ಅದು ತಟ್ಟಿರಬೇಕು, ಒಂದೇ ದಿನ ಎಂದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಬೋಟಿನ ಹಳೆ ಇಂಜಿನ್ನಿನ ಎರಡು ಸ್ಪ್ರಿಂಗ್ ತಂದು ಲಿವರಿನ ಆಚೆ ಒಂದು, ಈಚೆ ಒಂದು ಬಿಗಿದರು. ನೂರು ಸಲವಾದರೂ ದೂಡಿ ಕೈಬಿಟ್ಟಿರಬಹುದು, ಪ್ರತಿ ಸಲವೂ ನಡುವಿಗೆ ಬಂದು ನಿಂತಿತು. ಆಮೇಲೆ ಎಲ್ಲರನ್ನೂ ದೂರ ಕಳಿಸಿ, ನನಗೆ ಕೈಸನ್ನೆ ಮಾಡಿದರು. ಒಡೆದ ಒಗೆಯುವ ಕಲ್ಲಿನ ಹೋಳುಗಳನ್ನೇ ಮೊದಲು ಎತ್ತಿ ಗೋಡೆಯ ಬುಡಕ್ಕೆ ಕೂರಿಸಿದೆ. ಮೊಟ್ಟೆ ಇಳಿಸಿದಷ್ಟು ಮೆಲ್ಲಗೆ ಕುಳಿತವು. ಬಿದ್ದ ದೊಡ್ಡ ಕಲ್ಲನ್ನು ಎತ್ತಲು ಹೋದಾಗ ಅಕ್ಕ ಅಡ್ಡ ಬಂದರು.

“ಅದ್ ಅಲ್ಲೇ ಇರ್ಲಿ. ಹಳಿ ಕಲ್ಲ್ ಹೋಯ್ತಲೆ, ಇನ್ನ್ ಇದ್ರಲ್ಲೇ ಒಗಿತೆ.”

ಮಳೆ ಹಿಡಿಯುವ ಹೊತ್ತಿಗೆ ಗೋಡೆ ಅಕ್ಕನ ಮನೆ ದಾಟಿ ಹೋಗಿತ್ತು. ಆಷಾಢದ ತೆರೆಗಳು ಬಂದು ಬಡಿದವು, ನೊರೆ ಅಂಗಳಕ್ಕೆ ಹಾರಿತು, ಅಷ್ಟೇ. ಮೇಸ್ತ್ರಿ ಕೊಡೆ ಹಿಡಿದು ದಿನವೂ ಬಂದು ನೋಡಿ ಹೋಗುತ್ತಿದ್ದರಂತೆ. ಆ ಹೆಬ್ಬೆರಳಿನಿಂದಲೇ ನನಗೆ ಮುಂದೆ ಬ್ರಹ್ಮಾವರದವರೆಗೆ ಕೆಲಸ ಸಿಕ್ಕಿತು. ಹಳೆ ಮಿಷಿನ್ ಗುಜರಿಗೆ ಹೋಗುವಾಗ ಬೆಂಡು ಮಾತ್ರ ತೆಗೆದಿಟ್ಟುಕೊಂಡಿದ್ದೆ. ಈಗಿನ ಮಿಷಿನಿಗೆ ಕಂಪನಿಯಿಂದಲೇ ಹೆಬ್ಬೆರಳು ಬಂದಿದೆ, ಗುಂಡಿ ಒತ್ತಿದರೆ ಸಾಕು. ಅದನ್ನು ಮೇಸ್ತ್ರಿಗೆ ತೋರಿಸಬೇಕೆಂದು ಬಹಳ ಆಸೆಯಿತ್ತು. ಅದು ಬರುವ ಹಿಂದಿನ ವರ್ಷವೇ ಅವರು ಹೃದಯಾಘಾತದಲ್ಲಿ ಹೋದರು...

ಬೆಂಡನ್ನು ಹಿಡಿದುಕೊಂಡು ನಿನ್ನೆ ನಾವುಂದಕ್ಕೆ ಹೋದೆ. ಅಕ್ಕನ ಮನೆಗೆ ಹೊಸ ಹೆಂಚು ಹೊದೆಸಿದ್ದಾರೆ, ಅಂಗಳದಲ್ಲಿ ತೆಂಗಿನ ಸಸಿಗಳು ಎದೆಯೆತ್ತರಕ್ಕೆ ಬಂದಿವೆ. ನಿಮ್ಮ ಬಲೆಯದ್ದೇ, ನಿಮಗೇ ಕೊಡೋಣವೆಂದು ತಂದೆ ಎಂದೆ. ಒಮ್ಮೆ ತೊಳೆದು ತರುತ್ತೇನೆಂದು ಎದ್ದ ಅಕ್ಕ, ಬೆಂಡನ್ನು ಮೂಗಿಗೆ ಹಿಡಿದು ಅಲ್ಲೇ ನಿಂತರು.

“ತೊಳುದ್ ಬ್ಯಾಡ” ಎಂದರು. “ತಮ್ಮ ಬಂದಾಂಗ್ ಆಯ್ತ್.”

ಕಡಲು ಕಾಣುವ ಬಾಗಿಲ ಮೊಳೆಗೆ ಅದನ್ನು ತೂಗುಹಾಕಿ, ಅಂಗಳಕ್ಕೆ ಇಳಿದು, ಆ ದಿನ ಬಿದ್ದ ಕಲ್ಲಿನ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಬಟ್ಟೆ ಒಗೆಯತೊಡಗಿದರು.