ಗಂಜಿಗೆ ಉಪ್ಪು ಹಾಕದ ವರ್ಷಗಳು

ನನಗೆ ಮಧ್ಯಾಹ್ನದ ನಿದ್ದೆ ಬೇಕೇ ಬೇಕು. ಬಾರ್ಕೂರಿನ ತವರುಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡವಳು ನಾನು. 1997ರ ಬೇಸಿಗೆಯಲ್ಲಿ ಮದುವೆಯಾಗಿ ಬೀಜಾಡಿಗೆ ಬಂದ ಮೇಲೆ ಯಾರೂ ಬೈಯಲಿಲ್ಲ, ಯಾಕೆಂದರೆ ಆ ಮನೆಯಲ್ಲಿ ಮಧ್ಯಾಹ್ನ ಬಾವಿಯೂ ಮಲಗುತ್ತಿತ್ತು. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅತ್ತೆ ಕೊಡಪಾನವನ್ನು ಬಾವಿಕಟ್ಟೆಯ ಮೇಲೆ ಕವುಚಿ ಹಾಕಿ, ಹಗ್ಗ ಸುತ್ತಿ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಬಿಸಿಲು ಇಳಿಯುವ ತನಕ ಯಾರೂ ನೀರು ಸೇದುವ ಹಾಗಿಲ್ಲ. ಬಾವಿ ಮಲಗಿದೆ, ಎಬ್ಬಿಸಬೇಡ ಎನ್ನುತ್ತಿದ್ದರು. ಹೊಸ ಸೊಸೆಯನ್ನು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಜಗಲಿಯ ತಂಪು ನೆಲದಲ್ಲಿ ಒರಗಿದರೆ ಒಂದು ಕಿವಿಗೆ ಕಡಲು, ಇನ್ನೊಂದು ಕಿವಿಗೆ ಬಾವಿ. ಕಡಲಿನ ಸದ್ದು ಎರಡೇ ದಿನದಲ್ಲಿ ರೂಢಿಯಾಗಿ ಕೇಳಿಸದೇ ಹೋಯಿತು. ಬಾವಿಯದು ಹಾಗಲ್ಲ. ಬಾವಿಯ ಗೋಡೆಯ ಮುರಕಲ್ಲಿನ ಸಂದಿಗಳಿಂದ ನೀರು ಒಸರಿ, ತಡೆದು ತಡೆದು ಕೆಳಗೆ ಬೀಳುತ್ತಿತ್ತು. ಒಂದು ತೊಟ್ಟು ಬಿದ್ದ ಮೇಲೆ ಇನ್ನೊಂದಕ್ಕೆ ಕಾಯುತ್ತಾ ಕಾಯುತ್ತಾ ಕಣ್ಣು ಮುಚ್ಚಿಹೋಗುತ್ತಿತ್ತು. ಅಷ್ಟು ದೂರದ ಜಗಲಿಗೆ ಆ ಸದ್ದು ನಿಜವಾಗಿ ಕೇಳುತ್ತಿತ್ತೋ, ನನ್ನ ನಿದ್ದೆಯೇ ಅದನ್ನು ಹುಟ್ಟಿಸಿಕೊಳ್ಳುತ್ತಿತ್ತೋ, ಈಗ ಕೇಳಿದರೆ ಹೇಳಲಾರೆ. ಆ ವರ್ಷಗಳನ್ನು ನೆನೆದರೆ ಮೊದಲು ಬರುವುದು ಆ ಮಂಪರೇ.

ಅತ್ತೆಯ ಮಾತಿನಲ್ಲಿ ಅರ್ಥವಿತ್ತು. ಆ ಮರಳು ನೆಲದ ಅಡಿಯಲ್ಲಿ ಮಳೆಯ ಸಿಹಿನೀರು ಕಡಲಿನ ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ತೆಳ್ಳಗೆ ಕೂತಿರುತ್ತದೆ. ಹಿತವಾಗಿ ತೆಗೆದುಕೊಂಡರೆ ಮತ್ತೆ ಕಟ್ಟುತ್ತದೆ, ಅವಸರ ಮಾಡಿದರೆ ಕೆಳಗಿನದು ಮೇಲೆ ಬರುತ್ತದೆ. ಅದಕ್ಕೇ ನಮ್ಮ ಬಾವಿಗೆ ಪಂಪು ಹಾಕಿರಲಿಲ್ಲ. ಊರಲ್ಲಿ ಪಂಪು ಇಲ್ಲದ ಮನೆ ನಮ್ಮದೊಂದೇ ಎಂದು ಇವರು, ಅಂದರೆ ನನ್ನ ಯಜಮಾನರು, ಆಗಾಗ ಗೊಣಗುತ್ತಿದ್ದರು. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಡಲ ಬದಿಯ ಮೀನುಗಾರರ ಮನೆಗಳ ಬಾವಿಗಳು ಬೇಸಿಗೆ ಶುರುವಾಗುವುದರೊಳಗೆ ಉಪ್ಪೇರಿ ಸವುಳಾಗುತ್ತಿದ್ದವು. ಆಗ ಅಲ್ಲಿಯ ಹೆಂಗಸರು ಬೆಳಿಗ್ಗೆ ನಮ್ಮಲ್ಲಿಗೆ ಬರುತ್ತಿದ್ದರು. ಮುಂಜಾವದ ಬೂದು ಬೆಳಕಿನಲ್ಲಿ, ತೆಂಗಿನ ಮರಗಳ ನಡುವೆ, ಮೊದಲು ಬಳೆಯ ಸದ್ದು, ಆಮೇಲೆ ಮಾತು, ಕೊನೆಗೆ ಮನುಷ್ಯರು. ಅತ್ತೆ ಬಾವಿಕಟ್ಟೆಗೆ ಒರಗಿ ನಿಂತು ಎಲ್ಲರ ಮನೆಯ ವಿಷಯ ಕೇಳುವರು. ಯಾರು ಎಷ್ಟು ಕೊಡ ಒಯ್ದರು ಎಂದು ಒಂದು ದಿನವೂ ನೋಡಿದವರಲ್ಲ. ಜಂಭವೂ ಇತ್ತು ಅನ್ನಿ. ನೆಂಟರು ಬಂದರೆ ಬೆಲ್ಲದ ತುಂಡಿನ ಜೊತೆ ನೀರು ಕೊಟ್ಟು, ಅವರು ಗುಟುಕರಿಸುವಾಗ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಯಾರೂ ಹೊಗಳದಿದ್ದರೆ ಇನ್ನೊಂದು ಲೋಟ ತಂದು ಕೊಡುತ್ತಿದ್ದರು. ನಾನು ಬಾರ್ಕೂರಿನ ನೀರಿನ ಪರ ವಹಿಸಿ ಕೆಣಕಿದರೆ ಎರಡು ದಿನ ಮುಖ ಗಂಟು.

ನೀರಿಗೆ ಬರುತ್ತಿದ್ದವರಲ್ಲಿ ಒಬ್ಬಳು ಮೀನು ಮಾರುವವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ನೀರು ಮನೆಗೆ ಮುಟ್ಟಿಸಿ, ಬುಟ್ಟಿ ಹೊತ್ತು ಕೋಟೇಶ್ವರದ ಕಡೆಗೆ ಹೋಗುವಾಗ ನಮ್ಮ ಜಗಲಿಯಲ್ಲಿ ನಾಲ್ಕು ಬಂಗುಡೆ ಇಟ್ಟು ಹೋಗುತ್ತಿದ್ದಳು. ಇದು ನೀರಿಗಾಗಿಯಾ ಎಂದು ನಾನೊಮ್ಮೆ ಕೇಳಿಬಿಟ್ಟೆ. ಆವತ್ತು ಅತ್ತೆಯೂ ಅವಳೂ ಸೇರಿ ನನ್ನನ್ನು ನೋಡಿದ ನೋಟಕ್ಕೆ ನಾನು ಒಳಗೆ ಹೋಗಿ ಸುಮ್ಮನೆ ತೆಂಗಿನಕಾಯಿ ತುರಿದೆ.

ಮನೆಯ ಹಿಂದೆ ಗದ್ದೆ. ಗದ್ದೆಯಾಚೆ ಮಣ್ಣಿನ ದಂಡೆ, ದಂಡೆಯಾಚೆ ಉಬ್ಬರದಲ್ಲಿ ಉಪ್ಪಾಗುವ ಹೊಳೆ. ನಾನು ಬಂದು ಎರಡು ಮೂರು ವರ್ಷಕ್ಕೆ ಆ ಸಾಲಿನ ಗದ್ದೆಗಳೆಲ್ಲ ಒಂದೊಂದಾಗಿ ಸಿಗಡಿ ಕೆರೆಗಳಾದವು. ದಂಡೆ ಕಡಿದು ಹೊಳೆಯ ನೀರನ್ನು ಒಳಗೆ ಬಿಟ್ಟುಕೊಂಡು ಸಿಗಡಿ ಸಾಕುವುದು. ನಟ್ಟಿಗೆ ಜನ ಸಿಗದ ಕಾಲ, ಎರಡೂ ಬದಿಯವರು ಕೆರೆ ಮಾಡುವವರಿಗೆ ಗುತ್ತಿಗೆಗೆ ಕೊಟ್ಟಾಗಿತ್ತು, ನಡುವಿನ ನಮ್ಮದೊಂದು ಉಳಿದು ಏನು ಮಾಡುವುದು? ಗದ್ದೆ ಅತ್ತೆಯ ಹೆಸರಿನಲ್ಲಿತ್ತು. ಇವರು ಹಿಂದೆ ಮುಂದೆ ನೋಡುತ್ತಿದ್ದಾಗ, ಕೊಡುವ ಎಂದವರು ಅತ್ತೆಯೇ.

ನೋಡಲಿಕ್ಕೆ ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಪೈರಿದ್ದಲ್ಲಿ ಈಗ ಚೌಕ ಚೌಕ ನೀರು. ಸಂಜೆ ಆ ನೀರು ಕೆಂಪಾಗುವುದನ್ನು ನೋಡುತ್ತಾ ಹಿತ್ತಿಲ ಬಾಗಿಲಲ್ಲಿ ನಾನು ಎಷ್ಟೋ ಹೊತ್ತು ಕೂತಿರುತ್ತಿದ್ದೆ. ಕೆರೆಯೊಳಗಿನ ಚಕ್ರಗಳು ನೀರನ್ನು ಚಿಮ್ಮಿಸುವ ಸದ್ದಿಗೆ ತೂಕಡಿಕೆ ಬರುತ್ತಿತ್ತು. ಆಮೇಲೆ ಸಿಗಡಿಗೆ ರೋಗ ಬಂತು. ಒಂದು ವರ್ಷ ಸುಧಾರಿಸಿತು, ಮತ್ತೆ ಬಂತು. ಕೆರೆ ಮಾಡಿದವರು ಚಕ್ರ, ಪೈಪು ಕಟ್ಟಿಕೊಂಡು ಹೋದರು. ನೀರು ಆರಿದ ಮೇಲೆ ಕೆಳಗಿನಿಂದ ಬೇರೊಂದು ನೆಲ ಎದ್ದು ಬಂತು. ಬೂದು ಬಣ್ಣ, ಬಿರುಕು, ಬಿರುಕಿನ ಅಂಚಿಗೆಲ್ಲ ಬಿಳಿ. ನಡೆದರೆ ಚಪ್ಪಲಿಯಡಿ ಉಪ್ಪು ಸಣ್ಣಗೆ ಮುರಿಯುತ್ತಿತ್ತು. ಇವರು ಎರಡು ಮಳೆಗಾಲ ಗದ್ದೆ ತೊಳೆಯಲು ಬಿಟ್ಟು ಭತ್ತ ಹಾಕಿ ನೋಡಿದರು. ಪೈರು ಮೊಣಕಾಲಿಗೆ ಬರುವುದರೊಳಗೆ ತುದಿಯಿಂದ ಸುಟ್ಟು ಬಂತು. ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ನಾನು ಆ ಬಿಳಿ ನೆಲದ ಮೇಲೆ ನಡೆಯುತ್ತಿರುತ್ತೇನೆ. ಎಷ್ಟು ನಡೆದರೂ ದಂಡೆ ಸಿಗುವುದಿಲ್ಲ.

ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ನೀರೇ ಬೇಸಿಗೆಗೆ ನಮ್ಮ ಬಾವಿಗೆ ಬರುತ್ತಿದ್ದದ್ದು ಎಂಬುದು ನಮಗೆ ಹೊಳೆದದ್ದು ಗದ್ದೆ ಹೋದ ಮೇಲೆ. ಹೊಳೆದದ್ದೂ ನಿಧಾನಕ್ಕೆ. ಮೊದಲು ಬೇಳೆ ಬೇಯಲಿಲ್ಲ. ಅಂಗಡಿಯವನು ಹಳೇ ಬೇಳೆ ಕೊಟ್ಟ ಎಂದೆವು. ಚಹಾಕ್ಕೆ ಹಾಕಿದ ಹಾಲು ಒಡೆಯಿತು, ಹಾಲಿನವನಿಗೆ ಬೈದೆವು. ಸೋಪು ನೊರೆ ಬಿಡಲಿಲ್ಲ, ಕಂಪನಿಯನ್ನು ಬೈದೆವು. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಇವರು ಹೇಳಿದಾಗ ಮಾತ್ರ ಬೈಯಲಿಕ್ಕೆ ಯಾರೂ ಉಳಿದಿರಲಿಲ್ಲ, ಸಾರು ಮಾಡಿದವಳು ನಾನೇ. ಅತ್ತೆ ತಟ್ಟೆಯಿಂದ ತಲೆಯೆತ್ತದೆ, ಸರಿಯಾಗಿಯೇ ಇದೆ ಎಂದರು.

ಮರುದಿನದಿಂದ ನಾನು ಗಂಜಿಗೆ ಉಪ್ಪು ಹಾಕುವುದನ್ನು ಬಿಟ್ಟೆ. ಯಾರೂ ಏನೂ ಹೇಳಲಿಲ್ಲ. ಆ ಬೇಸಿಗೆ, ಮುಂದಿನ ಬೇಸಿಗೆ, ಅದರ ಮುಂದಿನದೂ ಹಾಗೆಯೇ ಕಳೆದವು. ಮಳೆಗಾಲದಲ್ಲಿ ಒಂದೆರಡು ತಿಂಗಳು ನೀರು ಸುಧಾರಿಸುತ್ತಿತ್ತು, ಆಮೇಲೆ ಮತ್ತೆ ಅದೇ. ನೆಂಟರಿಗೆ ಕೊಡುವ ಬೆಲ್ಲದ ತುಂಡು ವರ್ಷ ವರ್ಷ ದೊಡ್ಡದಾಗುತ್ತಾ ಬಂತು. ಅತ್ತೆ ಈಗ ಅವರ ಮುಖ ನೋಡುತ್ತಾ ನಿಲ್ಲುತ್ತಿರಲಿಲ್ಲ, ಲೋಟ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು.

ವಿಚಿತ್ರವೆಂದರೆ ಕಡಲ ಬದಿಯ ಹೆಂಗಸರು ಬರುವುದು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಬೇಸಿಗೆಯಲ್ಲಿ ಟಾರು ರಸ್ತೆಯ ತನಕ ನೀರಿನ ಟ್ಯಾಂಕರ್ ಬರತೊಡಗಿತ್ತು. ಅವರು ಅಲ್ಲಿಯೂ ಸಾಲು ನಿಲ್ಲುತ್ತಿದ್ದರು, ಬೆಳಿಗ್ಗೆ ನಮ್ಮ ಬಾವಿಗೂ ಒಂದೊಂದು ಕೊಡ ಹಿಡಿದು ಬರುತ್ತಿದ್ದರು. ಅದೇ ಬಳೆ, ಅದೇ ಮಾತು. ಒಂದು ದಿನ ಹೂ ಕೊಯ್ಯಲು ಬೇಲಿಯ ಹತ್ತಿರ ಹೋದವಳು ನೋಡಿದೆ. ಮೀನು ಮಾರುವ ಅಕ್ಕ ನಮ್ಮ ತೋಟ ದಾಟಿದವಳೇ, ಒಮ್ಮೆ ಹಿಂದೆ ತಿರುಗಿ, ಕೊಡದ ನೀರನ್ನೆಲ್ಲ ಒಂದು ತೆಂಗಿನ ಬುಡಕ್ಕೆ ಸುರಿದು, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಹೋದಳು. ಆ ಮರದ ಬುಡವೆಲ್ಲ ಒದ್ದೆ. ಅವಳಿಗಿಂತ ಮೊದಲು ಹೋದವರೂ ಅಲ್ಲಿಯೇ ಸುರಿದಿದ್ದರು. ನಮ್ಮತ್ತೆಯ ಮನಸ್ಸು ನೋಯಬಾರದೆಂದು ಅಷ್ಟು ಜನ ಹೆಂಗಸರು ಕುಡಿಯಲಾಗದ ನೀರನ್ನು ದಿನಾ ಹೊತ್ತು ಒಯ್ಯುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅತ್ತೆಯ ಕಾಲು ಊದತೊಡಗಿದ್ದು ಆ ಸುಮಾರಿಗೆ. ಕುಂದಾಪುರದ ಡಾಕ್ಟರು ಬಿ.ಪಿ. ನೋಡಿ, ಉಪ್ಪನ್ನು ಪೂರಾ ಬಿಡಬೇಕು, ಹೀಗೇ ಮುಂದುವರಿದರೆ ಕಿಡ್ನಿಗೆ ಪೆಟ್ಟು ಎಂದರು. ಅತ್ತೆ ತಣ್ಣಗೆ, ನಮ್ಮ ಮನೆಯಲ್ಲಿ ಗಂಜಿಗೂ ಉಪ್ಪು ಹಾಕುವುದಿಲ್ಲ, ಎಷ್ಟೋ ವರ್ಷವಾಯಿತು ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ನಾನು ಉಪ್ಪು ಬಿಟ್ಟದ್ದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ನಾಳೆಯಿಂದ ಟ್ಯಾಂಕರಿಗೆ ನಾನು ಹೋಗುತ್ತೇನೆ, ಬಾವಿಯ ನೀರು ನಿಮಗೆ ಬೇಡ ಎಂದೆ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ನಮ್ಮ ಮನೆಯ ಕೊಡಪಾನ ಆ ಸಾಲಿನಲ್ಲಿ ಕೂರುವುದು ಬೇಡ ಎಂದರು. ಇವರು ಸ್ಕೂಟರಿನಲ್ಲಿ ಕೋಟೇಶ್ವರದಿಂದ ಕುಡಿಯುವ ನೀರಿನ ಕ್ಯಾನು ತರುತ್ತಾರಲ್ಲ, ಅದನ್ನಾದರೂ ಕುಡಿಯಿರಿ ಎಂದೆ. ಅದು ನಿಮ್ಮಿಬ್ಬರಿಗೆ ಎಂದರು. ನಾನು ಬಿಡಲಿಲ್ಲ, ನಿಮ್ಮ ಹಟಕ್ಕೆ ನೀವು ಸಾಯುತ್ತೀರಿ ಎಂದು, ಬಸ್ಸಿನಲ್ಲಿ ನಾಲ್ಕು ಜನ ಕೇಳುವ ಹಾಗೆಯೇ ಹೇಳಿದೆ. ಆಗ ತಿರುಗಿದರು.

"ಗದ್ದಿ ಕೊಡಿ ಅಂದದ್ದ್ ನಾನ್. ಹಾಳ್ ಮಾಡದ್ದನ್ನ ನಾನೇ ಕುಡಿತೆ. ನೀ ಸುಮ್ನೆ ಕೂಕೊ."

ಹಟ ಎಂದುಕೊಂಡಿದ್ದೆ. ಅದು ಹಟವಲ್ಲ, ಅವರು ತಮಗೆ ತಾವೇ ಹಾಕಿಕೊಂಡ ಶಿಕ್ಷೆ. ಕೋಟೇಶ್ವರದಲ್ಲಿ ಇಳಿದು ಮನೆಯ ತನಕ ನಡೆದೆವು. ಅವರ ಊದಿದ ಕಾಲಿಗೆ ನಾನು ನಿಧಾನ ಮಾಡಿದೆ, ನನ್ನ ಸಿಟ್ಟಿಗೆ ಅವರು ಸುಮ್ಮನಿದ್ದರು.

ಅದಾಗಿ ಕೆಲವು ದಿನಕ್ಕೆ, ಅಕ್ಕ ಯಾವತ್ತಿನ ಬೆಳಗಿನ ಹೊತ್ತು ಬಿಟ್ಟು ಬಿಸಿಲೇರಿದ ಮೇಲೆ ಬಂದಳು. ಸೊಂಟದಲ್ಲಿ ಕೊಡ. ತುಂಬಿದ ಕೊಡವೆಂದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಅತ್ತೆಯ ಕಾಲಿನ ವಿಷಯ ಊರಿಗೆಲ್ಲ ಮುಟ್ಟಿತ್ತು. ಬಸ್ಸಿನಲ್ಲಿ ನಾನು ಕಿರುಚಿದ್ದು ವ್ಯರ್ಥವಾಗಿರಲಿಲ್ಲ. ಅಡುಗೆಮನೆಯ ಬಾಗಿಲ ಹತ್ತಿರ ಕೊಡ ಇಳಿಸಿ, ಅತ್ತೆಯನ್ನು ನೇರವಾಗಿ ನೋಡದೆ ಹೇಳಿದಳು.

"ಟ್ಯಾಂಕರ್ ನೀರಿಗೆ ಮದ್ದಿನ್ ವಾಸ್ನಿ ಅಮ್ಮ. ಮೀನ್ ತೊಳ್ದ್ರೆ ಮೀನೇ ಹಾಳಾತ್ತ್. ಈ ಕೊಡ ನೀವ್ ಇಟ್ಕಣಿ, ನಂಗೆ ನಿಮ್ ಬಾವಿದ್ ಒಂದ್ ಕೊಡ ಕೊಡಿ."

ಎಷ್ಟು ಚಂದದ ಸುಳ್ಳು. ದಾನವೂ ಅಲ್ಲ, ಉಪಕಾರವೂ ಅಲ್ಲ, ಕೊಡಕ್ಕೆ ಕೊಡ. ಅತ್ತೆ ಹ್ಞೂಂ ಎಂದುಬಿಟ್ಟರೆ ಸಾಕು, ಅವರ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಅತ್ತೆ ಆ ಕೊಡವನ್ನೇ ಎಷ್ಟೋ ಹೊತ್ತು ನೋಡಿದರು. ಅಕ್ಕನ ಸೀರೆ ಸೊಂಟದ ಹತ್ತಿರ ಒದ್ದೆಯಾಗಿತ್ತು.

"ಉಪ್ಪ್ ನೀರ್ ಬೇಕಾರೆ ನಿನ್ ಮನಿ ಎದ್ರಿಗೆ ಕಡ್ಲೇ ಇತ್ತಲೆ. ನನ್ ಬಾವಿಗ್ ಎಂತಕ್ ಬಂದದ್ದ್?"

ಬಾವಿ ಉಪ್ಪಾಗಿದೆ ಎಂದು ಅತ್ತೆ ಆ ಹೆಂಗಸರೊಬ್ಬರ ಎದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕನಿಗೆ ಅದು ಥಟ್ಟನೆ ಅರ್ಥವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿಗೂ ಇರಬಹುದು.

"ಕಡ್ಲ್ ನಮ್ಗ್ ಒಂದಿನ ಕುಡುಕ್ ನೀರ್ ಕೊಟ್ಟದ್ದಿಲ್ಲೆ ಅಮ್ಮ. ಕೊಟ್ಟದ್ದ್ ನೀವ್."

ಅತ್ತೆ ಬಾಗಿಲಿನಿಂದ ಒಂದು ಹೆಜ್ಜೆ ಸರಿದು ನಿಂತರು. ಅಕ್ಕ ಕೊಡವನ್ನು ಒಳಗೆ ತಂದು ನಮ್ಮ ಹಂಡೆಗೆ ಸುರಿದಳು. ಆಮೇಲೆ ತಾನೇ ಬಾವಿಗೆ ಹೋಗಿ, ಹಗ್ಗ ಬಿಚ್ಚಿ, ಒಂದು ಕೊಡ ಸೇದಿ, ಅದನ್ನು ಹೊತ್ತುಕೊಂಡೇ ಹೊರಟಳು. ಬೇಲಿಯ ತನಕ ನಾನು ನೋಡುತ್ತಲೇ ಇದ್ದೆ. ಆವತ್ತು ಅವಳು ತೆಂಗಿನ ಬುಡಕ್ಕೆ ಸುರಿಯಲಿಲ್ಲ, ಹೇಳಿದ ಮಾತಿಗೆ ತಪ್ಪಬಾರದೆಂದು ಮನೆಯ ತನಕ ಒಯ್ದಳು.

ಸಂಜೆ ಅತ್ತೆ ನನ್ನನ್ನು ಕರೆದು, ಟ್ಯಾಂಕರಿನವರು ಒಂದು ಮನೆಗೆ ಎಷ್ಟು ಕೊಡುತ್ತಾರೆ ಎಂದು ಕೇಳಿದರು. ಹೇಳಿದೆ. ಹಾಗಾದರೆ ಅವಳ ಮನೆಗೆ ಇವತ್ತು ಒಂದು ಕೊಡ ಕಡಿಮೆ ಎಂದರು. ನಾನು ಹೌದೆಂದೆ.

ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತಿತ್ತು. ಅದು ಮತ್ತೆ ಬರುವ ದಿನ ಅತ್ತೆ ಬೇಗ ಸ್ನಾನ ಮಾಡಿ, ಮದುವೆ ಮುಂಜಿಗೆ ಹೊರಟವರ ಹಾಗೆ ಇಸ್ತ್ರಿ ಸೀರೆ ಉಟ್ಟರು. ನಾನು ಕೊಡಪಾನಕ್ಕೆ ಕೈ ಹಾಕಿದರೆ ಕೈ ಸರಿಸಿದರು. ಟಾರು ರಸ್ತೆಯ ತನಕ ತಾವೇ ಹಿಡಿದುಕೊಂಡು ನಡೆದರು. ಅಲ್ಲಿ ಸಾಲಿನಲ್ಲಿದ್ದ ಹೆಂಗಸರ ಮಾತು ಗಕ್ಕನೆ ನಿಂತಿತು. ಎಲ್ಲರೂ ನಮ್ಮ ಬಾವಿಯ ನೀರು ಕುಡಿದವರು. ಒಬ್ಬೊಬ್ಬರಾಗಿ ತಮ್ಮ ಪ್ಲಾಸ್ಟಿಕ್ ಕೊಡಗಳನ್ನು ಬದಿಗೆ ಸರಿಸಿ, ಮುಂದೆ ಬರುವಂತೆ ಅತ್ತೆಗೆ ದಾರಿ ಬಿಟ್ಟರು. ಅಕ್ಕ ಬಂದು ಕೈ ಹಿಡಿದು ಕರೆದಳು.

ಅತ್ತೆ ಬೇಡವೆಂದು ತಲೆಯಾಡಿಸಿದರು. ಸಾಲಿನ ಕೊನೆಗೆ ಹೋಗಿ, ಎಲ್ಲರಿಗಿಂತ ಹಿಂದಿನ ಕೊಡದ ಹಿಂದೆ ನಮ್ಮ ಕೊಡಪಾನ ಇಟ್ಟು ನಿಂತರು. ಅವರ ಹಿಂದೆ ನಾನು. ಬಿಸಿಲಿಗೆ ರಸ್ತೆ ನಡುಗುತ್ತಿತ್ತು, ದೂರದ ಟ್ಯಾಂಕರ್ ನೀರಿನ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಅತ್ತೆ ಹಿಂದೆ ತಿರುಗಲಿಲ್ಲ. ಮುಂದಿನವರು ಮುಂದೆ ಹೋದಾಗ, ನೋವಿನ ಕಾಲಲ್ಲೇ ಬಗ್ಗಿ, ಕೊಡಪಾನವನ್ನು ಒಂದು ಗೇಣು ಮುಂದೆ ಸರಿಸಿದರು.