ಡ್ರೈವರಿನ ಮುಖಕ್ಕೆ ವಿಭೂತಿ

ನನ್ನ ಗಂಡನಿಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಬೀದರಿನಿಂದ ಬಂದು ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಹಿಡಿದವರು. ಮಾಲು ದೂರ ಹೋದಷ್ಟೂ ಒಳ್ಳೆಯದು ಅನ್ನುವುದು ಅವರ ನಂಬಿಕೆ. ಅದನ್ನೇ ಮಗಳ ಗಾಲ್ಫಿಗೂ ತಂದು ಹಚ್ಚಿದರು.

ಮಗಳು ನಾಶಿಕದಲ್ಲಿ ನಾಲ್ಕು ವರ್ಷದಿಂದ ಆಡುತ್ತಾಳೆ. ಡ್ರೈವರ್ ಎನ್ನುವ ದೊಡ್ಡ ತಲೆಯ ಕೋಲಿನಿಂದ ಅವಳು ಹೊಡೆಯುವ ಮೊದಲ ಹೊಡೆತ ಬಹಳ ದೂರ ಹೋಗುವುದಿಲ್ಲ. ಆದರೆ ಗೆರೆ ಎಳೆದ ಹಾಗೆ ನಟ್ಟನಡುವೆ ಬೀಳುತ್ತದೆ. ಜೊತೆಯವರು ದೂರ ಹೊಡೆದು ಮುಳ್ಳುಕಂಟಿಯಲ್ಲಿ ಚೆಂಡು ಹುಡುಕುವಾಗ ಇವಳು ಎರಡನೇ ಹೊಡೆತಕ್ಕೆ ನಿಂತಿರುತ್ತಾಳೆ. ಕಣ್ಣಾರೆ ಕಂಡೂ ಈ ಪುಣ್ಯಾತ್ಮ, “ಜೋರ್‌ಲೇ ಹೊಡಿ ಬೇಟಾ, ಇಷ್ಟ ಹೋದ್ರ ಹ್ಯಾಂಗ?” ಅನ್ನುವುದನ್ನು ಬಿಡಲಿಲ್ಲ.

ಹೋದ ಚಳಿಗಾಲ ಸಂಭಾಜಿನಗರದಲ್ಲಿ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಇತ್ತು. ವಯಸ್ಸಿನ ಮಿತಿ ಇರುವುದರಿಂದ ಅವಳಿಗೆ ಅದೇ ಕೊನೆಯ ಅವಕಾಶ. ಬೆಳಿಗ್ಗೆ ಅವಳು ತಿಂಡಿಗೆ ಹೋದಾಗ ನನ್ನ ಗಂಡ, ಹೊಸ ಲಾರಿಗೂ ತಕ್ಕಡಿಗೂ ಬಳಿಯುವಂತೆ, ಡ್ರೈವರಿನ ಚೆಂಡು ತಾಗುವ ಮುಖಕ್ಕೆ ಮೂರು ಬೆರಳ ವಿಭೂತಿ ಎಳೆದು ಅದರ ಟೋಪಿ ಮುಚ್ಚಿಟ್ಟರು.

ಮೈದಾನದಲ್ಲಿ ಅವಳು ಟೋಪಿ ತೆಗೆದಳು, ವಿಭೂತಿ ಕಂಡಳು, ಅಪ್ಪನ ಕಡೆ ನೋಡಿ ನಕ್ಕು ಹಾಗೆಯೇ ಹೊಡೆದಳು. ಚೆಂಡು ನಟ್ಟನಡುವೆ ಹೋಗಿ ನಿಂತಿತು. ಅಷ್ಟರಲ್ಲಿ ತೀರ್ಪುಗಾರರ ಕಣ್ಣಿಗೆ ಕೋಲಿನ ಮೇಲಿನ ಬಿಳಿ ಗೆರೆ ಬಿತ್ತು. ಇದೇನೆಂದು ಕೇಳಿದರು. ಪೂಜೆಯದು ಎಂದಿದ್ದರೆ ಒರೆಸಿ ಆಡು ಎನ್ನುತ್ತಿದ್ದರೇನೋ. ನಮ್ಮವರಿಗೆ ಬಾಯಿ ತಡೆಯಬೇಕಲ್ಲ! ಎದೆಯುಬ್ಬಿಸಿ ಮರಾಠಿಯಲ್ಲಿ, ಚೆಂಡು ದೂರ ಹೋಗಲೆಂದೇ ನಾನು ಹಚ್ಚಿದ್ದು ಸಾಹೇಬ್ರೇ ಎಂದುಬಿಟ್ಟರು.

ಹೊಡೆತ ಬದಲಾಗಲೆಂದು ಕೋಲಿನ ಮುಖಕ್ಕೆ ಏನು ಹಚ್ಚಿ ಆಡಿದರೂ ಸ್ಪರ್ಧೆಯಿಂದ ಹೊರಗೆ. ತೀರ್ಪುಗಾರರು ನಿಯಮ ತೆಗೆದು ತೋರಿಸಿದರು. ಒಂದೇ ಹೊಡೆತಕ್ಕೆ ಅವಳ ಆಯ್ಕೆಯ ಆಸೆ ಮುಗಿಯಿತು.

ವಾಪಸ್ ಬರುವಾಗ ಕಾರಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. “ಹಚ್ಚಂತ ಯಾರ್ ಹೇಳಿದ್ರು ನಿಮಗ? ಚೆಂಡು ನೆಟ್ಟಗ ಹೋಗ್ತಿತ್ತಲ್ಲ, ಅಷ್ಟು ಸಾಕಾಗ್ಲಿಲ್ಲೇನ್ರಿ?” ಅರ್ಧ ದಾರಿ, ವೈಜಾಪುರದ ತನಕ ಬೈದೆ.

ಆಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು: “ಮಮ್ಮಿ, ವಿಭೂತಿ ಗಟ್ಟಿ ನಿನ್ನ ಪರ್ಸ್‌ನಾಗ ಇರ್ತದಲ್ಲಾ?”

ಹೌದು, ತೆಗೆದು ಕೊಟ್ಟದ್ದು ನಾನೇ. ಅವರು ಹಚ್ಚುವಾಗ ಪಕ್ಕದಲ್ಲಿ ನಿಂತು, “ಹತ್ತು ಮಾರು ಹೆಚ್ಚ ಹೋಗ್ಲಿ ತಂದೆ” ಎಂದು ಕೈಮುಗಿದಿದ್ದೂ ನಾನೇ.